ಲಂಕೆಯ ಕಾಡು ಗುಡಿಸಿ ಬಂದೆವು

ಮಣಿಪಾಲ

ಹೊರದೇಶಕ್ಕೆ ಹೋಗಿ ಬಂದವರು ತಂದದ್ದನ್ನು ನಾಲ್ಕು ಮನೆಗೆ ತೋರಿಸುವುದು ನಮ್ಮ ಕಡೆಯ ರೂಢಿ. ಮಸ್ಕತ್ತಿನಿಂದ ಬಂದವರು ಖರ್ಜೂರ ಹಂಚುತ್ತಾರೆ, ಸಿಂಗಾಪುರದಿಂದ ಬಂದವರು ಮೊಣಕಾಲಿಗೆ ಹಚ್ಚುವ ಹಸಿರು ಎಣ್ಣೆ. ನಾನು ಶ್ರೀಲಂಕೆಯಿಂದ ತಂದದ್ದು ಕಾಲಿನಲ್ಲಿ ರಕ್ತ ಹೀರುವ ಇಂಬಳ ಕಚ್ಚಿದ ಗುರುತು ಮತ್ತು ಒಂದು ಹೊಸ ರೋಗ. ಯಾರಾದರೂ ಗುಡಿಸಲು ಹಿಡಿಸೂಡಿ ಎತ್ತಿಕೊಂಡು ಮರದ ಬುಡದ ಕಡೆಗೆ ಹೊರಟರೆ ನನ್ನ ಎದೆ ಈಗ ಹೊಡೆದುಕೊಳ್ಳುತ್ತದೆ.

ಉಡುಪಿಯಲ್ಲಿ ನಮ್ಮದೊಂದು ಮಹಿಳಾ ಕೂಟ ಉಂಟು. ವರ್ಷಕ್ಕೊಮ್ಮೆ, ಪರಿಸರ ದಿನದಂದು, ಒಂದು ಗಿಡಕ್ಕೆ ನಾವೆಲ್ಲ ಒಟ್ಟಿಗೆ ಕೈ ಹಚ್ಚಿ ಫೋಟೊ ತೆಗೆಸಿಕೊಳ್ಳುತ್ತೇವೆ. ಆ ಗಿಡ ಮರುದಿನ ಬೀದಿದನದ ಹೊಟ್ಟೆಗೆ ಹೋಗುತ್ತದೆ. ಗೋಸೇವೆಯೂ ಆಯಿತಲ್ಲ ಎಂದು ನಮಗೆ ಅದರಿಂದ ಬೇಸರವಿಲ್ಲ. ಈ ವರ್ಷ ಕೂಟದ ಅಧ್ಯಕ್ಷೆ, ಕಾರ್ಕಳದ ವಸಂತಿ ಅಕ್ಕ, ಒಂದು ಹೊಸ ಸುದ್ದಿ ತಂದರು. ಶ್ರೀಲಂಕೆಗೆ ಹಸಿರು ಪ್ರವಾಸ. ಅಲ್ಲಿ ಚೂರುಚೂರಾದ ಮಳೆಕಾಡಿಗೆ ಅಲ್ಲಿನದೇ ಗಿಡಗಳನ್ನು ತಂದು ನೆಡುತ್ತಾರಂತೆ, ಹೋದವರೂ ನೆಡಬಹುದಂತೆ.

"ಗಿಡ ನೆಡಲಿಕ್ಕೆ ಲಂಕೆಗೆ ಯಾಕೆ?" ಎಂದರು ನನ್ನ ಯಜಮಾನರು. "ಬಾಲ್ಕನಿಯ ಕರಿಬೇವು ನೀರಿಲ್ಲದೆ ಸಾಯ್ತಾ ಉಂಟು."

"ಅದು ಪರಿಸರ ಅಲ್ಲ, ಅದು ಒಗ್ಗರಣೆ," ಎಂದೆ.

ಹೊರಡುವ ಮೊದಲು ಇನ್ನಂಜೆಯಿಂದ ಸದಾನಂದಣ್ಣನ ಫೋನು ಬಂತು. ಇವನು ನನ್ನ ಒಡಹುಟ್ಟಿದ ಅಣ್ಣ. ಬಹಳ ವರ್ಷ ಮಸ್ಕತ್ತಿನಲ್ಲಿದ್ದು ಬಂದು ಈಗ ಕಾಪುವಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ನಮ್ಮ ತಾಯಿಯ ಕುಟುಂಬಕ್ಕೆ ಇನ್ನಂಜೆಯಲ್ಲಿ ಒಂದು ನಾಗಬನ ಉಂಟು. ಗದ್ದೆಗಳ ನಡುವೆ ನಾಗನ ಕಲ್ಲುಗಳ ಸುತ್ತ ಯಾರೂ ಕತ್ತಿ ಹಾಕದೆ ಬಿಟ್ಟ ಒಂದು ತುಂಡು ಕಾಡು ಅದು. ರೆಂಜೆ, ಸುರಗಿ, ಬೆತ್ತದ ಪೊದೆ; ನಡುವೆ, ಕಲ್ಲಿಗೆ ನೆರಳಾಗಿ, ಒಂದು ದೊಡ್ಡ ನಾಗಸಂಪಿಗೆ. ಚಿಕ್ಕವಳಿದ್ದಾಗ ಅಲ್ಲಿಂದ ಒಂದು ಒಣ ಕಡ್ಡಿ ತಂದರೂ ಅಮ್ಮ ವಾಪಸು ಹಾಕಿಸಿ ಕೈಮುಗಿಸುತ್ತಿದ್ದರು. ಕುಟುಂಬದಲ್ಲಿ ಯಾರಿಗೋ ಮೈಯಲ್ಲಿ ತುರಿಕೆ ಎದ್ದು ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ 'ಬನ ಅಭಿವೃದ್ಧಿ ಆಗಬೇಕು' ಎಂದು ಬಂದಿತ್ತು. ಅಭಿವೃದ್ಧಿ ಎಂದರೆ ಇನ್ನೆರಡು ಮರ ಬೆಳೆಸುವುದೂ ಆಗಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಅಣ್ಣ ಜೀರ್ಣೋದ್ಧಾರ ಸಮಿತಿ ಮಾಡಿ ತಾನೇ ಅಧ್ಯಕ್ಷನಾದ.

"ಮರ ಎಲ್ಲ ತೆಗೆದು ಲೆವೆಲ್ ಮಾಡಿ ಇಂಟರ್‌ಲಾಕ್ ಇಟ್ಟಿಗೆ ಹಾಸುವುದು ಶ್ಯಾಮಲಾ. ಸುತ್ತ ಗೋಡೆ, ನಡುವೆ ಕಾರ್ಕಳದ ಕರಿಕಲ್ಲಿನ ಕಟ್ಟೆ. ನೀನು ಬಂದ ಮೇಲಿನ ಭಾನುವಾರವೇ ಮರ ಕಡಿಯುವುದು. ಬಡಿಸಲಿಕ್ಕೆ ಹೆಂಗಸರು ಬೇಕಲ್ಲ."

"ಅಣ್ಣಾ, ಆ ನಾಗಸಂಪಿಗೆ?"

"ಅದರ ಎಲೆ ಬಿದ್ದೇ ಇಷ್ಟು ಕಸ ಆದದ್ದು ಮಾರಾಯ್ತಿ! ನೀನು ಲಂಕೆಗೆ ಹೋಗಿ ಆರಾಮಲ್ಲಿ ಗಿಡ ನೆಟ್ಟು ಬಾ."

ಹೀಗೆ ನಾನು ಪರದೇಶದ ಕಾಡು ಉಳಿಸಲು ಹೊರಟೆ.

ಕೊಲಂಬೊ

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಡೆದದ್ದು ವಸಂತಿ ಅಕ್ಕನ ಕೈಚೀಲ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಶಂಕರಪುರ ಮಲ್ಲಿಗೆಯ ಗೆಲ್ಲುಗಳಿದ್ದವು. ಲಂಕೆಯ ಕಾಡಿಗೆ ಉಡುಪಿಯ ಹೆಂಗಸರ ಕಾಣಿಕೆ. ಬಿಳಿ ಸಮವಸ್ತ್ರದ ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ವಿನಯದಿಂದ ಕೇಳಿದ.

"ಇದು ಏನು ಮೇಡಂ?"

"ಹೂವಿನ ಗಿಡ. ನಿಮ್ಮ ಕಾಡಿಗೆ."

"ನಮ್ಮ ಕಾಡು ಕೇಳಿತ್ತೇ?"

ವಸಂತಿ ಅಕ್ಕನಿಗೆ ಜನ್ಮದಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಹೊರಗಿನ ಗಿಡದ ಜೊತೆ ಹೊರಗಿನ ಹುಳ, ಹೊರಗಿನ ರೋಗ ಬರುತ್ತದೆ ಎಂದು ಅವನು ಮಕ್ಕಳಿಗೆ ಹೇಳುವಂತೆ ಹೇಳಿ ಮಲ್ಲಿಗೆಯನ್ನು ಹಳದಿ ಡಬ್ಬಿಗೆ ಇಳಿಸಿದ. ನನ್ನ ಪಕ್ಕದಲ್ಲಿದ್ದ ಗ್ಲಾಡಿಸಳ ಸಿಗಡಿ ಚಟ್ನಿಪುಡಿಯನ್ನು ಮೂಸಿ ನೋಡಿ ಹಾಗೆಯೇ ಬಿಟ್ಟ. ಅದು ಎಲ್ಲಿ ನೆಟ್ಟರೂ ಮೊಳೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

"ಮದುವೆ ಸೀಸನಿನಲ್ಲಿ ಈ ಹೂವಿಗೆ ಜನ ಹೊಡೆದಾಡ್ತಾರೆ. ಇವನಿಗೆ ಎಂತ ಗೊತ್ತು!" ಎಂದು ವಸಂತಿ ಅಕ್ಕ ಬಸ್ಸು ಹತ್ತುವವರೆಗೂ ಗೊಣಗಿದರು.

ಗ್ಲಾಡಿಸ್ ನನ್ನ ಕಾನ್ವೆಂಟಿನ ಗೆಳತಿ. ಒಂದೇ ಬೆಂಚು, ಒಂದೇ ಎಣ್ಣೆ ಜಡೆ, ಒಂದೇ ಸಿಸ್ಟರಿನ ಕೈಯಲ್ಲಿ ಪೆಟ್ಟು. ನಮ್ಮ ಸಿಸ್ಟರುಗಳು ಕಲಿಸಿದ ಮೊದಲ ಪಾಠ ಎಬಿಸಿಡಿ ಅಲ್ಲ. ಡೆಸ್ಕಿನಡಿ ಬಿದ್ದ ಕಾಗದದ ಚೂರು ಹೆಕ್ಕುವುದು. ಶುಚಿಯಾಗಿರುವವರ ಪಕ್ಕದ ಮನೆಯಲ್ಲೇ ದೇವರು ಇರುವುದು ಎಂದು ಅವರು ಹೇಳುತ್ತಿದ್ದರು. ಈ ಪಾಠವನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ನಮ್ಮ ಮರ್ಯಾದೆ ತೆಗೆಯಲಿದೆ.

ದೆನಿಯಾಯದ ದಾರಿ

ನಮ್ಮ ಬಸ್ಸಿನ ಚಾಲಕ ದಾರಿಯಲ್ಲಿ ಕಂಡ ಪ್ರತಿ ಬುದ್ಧನ ಗುಡಿಗೂ ಸ್ಟಿಯರಿಂಗ್ ಬಿಟ್ಟು ಕೈಮುಗಿಯುತ್ತಿದ್ದ. ಕಾಪುವಿನ ಮಾರಿಗುಡಿಯ ಎದುರು ನಮ್ಮ ಬಸ್ಸಿನವರು ಎದೆ ಮುಟ್ಟಿಕೊಳ್ಳುವ ಹಾಗೆಯೇ. ಕೈಮುಗಿದಾದ ಕೂಡಲೇ ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕುತ್ತಿದ್ದ. ದೇವರಿಗೆ ಒಮ್ಮೆ ಜವಾಬ್ದಾರಿ ವಹಿಸಿದ ಮೇಲೆ ತಾನೇಕೆ ಬ್ರೇಕ್ ಒತ್ತಬೇಕು ಎಂಬ ಸಿದ್ಧಾಂತಕ್ಕೆ ಪಾಸ್‌ಪೋರ್ಟ್ ಬೇಡ.

ರಸ್ತೆ ಬದಿಯ ಪ್ರತಿ ಅಂಗಡಿಯಲ್ಲೂ ಗೆಂದಾಳಿ ಬೊಂಡ ಗೊನೆಗೊನೆಯಾಗಿ ತೂಗುತ್ತಿತ್ತು. ಕಿತ್ತಳೆ ಬಣ್ಣದ ಈ ಎಳನೀರನ್ನು ನಮ್ಮಲ್ಲಿ ನಾಗನ ತಂಬಿಲ ಪೂಜೆಗೆಂದು ಊರೆಲ್ಲ ಹುಡುಕಿ ತರುತ್ತೇವೆ. ಇಲ್ಲಿ ಚಡ್ಡಿ ಹಾಕಿದ ಬಿಳಿಯರು ಅದಕ್ಕೆ ನಳಿಗೆ ಸಿಕ್ಕಿಸಿ ಚೀಪುತ್ತಿದ್ದರು.

"ನಾಗನ ಬೊಂಡ ಮಾರಾಯ್ತಿ, ಕುಡಿಯುವುದು ಹೇಗೆ?" ಎಂದು ವಸಂತಿ ಅಕ್ಕ ಹಿಂಜರಿದರು. ಬಿಸಿಲು ಏರಿದ ಮೇಲೆ ಎರಡು ಕುಡಿದರು.

ಮೇಲಕ್ಕೆ ಹೋದಂತೆ ಚಹಾ ತೋಟ ಸುರುವಾಯಿತು. ಗುಡ್ಡಕ್ಕೆ ಗುಡ್ಡವೇ ಮಿಲಿಟರಿ ಕಟಿಂಗ್ ಮಾಡಿಸಿಕೊಂಡು ನಿಂತಿತ್ತು. ನಡುನಡುವೆ ಒಂದೊಂದು ಕಡು ಹಸಿರಿನ ತುಂಡು, ಕ್ಷೌರಿಕ ಮಾತಾಡುತ್ತ ಮರೆತು ಬಿಟ್ಟ ಕೂದಲಿನ ಹಾಗೆ. "ಅದೇ ಕಾಡು," ಎಂದ ಚಾಲಕ. "ಅಷ್ಟೆಯಾ?" ಎಂದರು ವಸಂತಿ ಅಕ್ಕ. ಕಾಡು ಎಂದರೆ ಟಿಕೇಟು, ಗೇಟು, ಆನೆಯ ಬೊಂಬೆ ಇರಬೇಕೆಂದು ಅವರ ಎಣಿಕೆ. ನನಗೆ ಮಾತ್ರ ಆ ತುಂಡುಗಳನ್ನು ಎಲ್ಲೋ ಕಂಡಂತಾಯಿತು. ಉಡುಪಿಯಿಂದ ಕಾಪುವಿಗೆ ಹೋಗುವಾಗ ಗದ್ದೆ, ಮನೆ, ಪೆಟ್ರೋಲ್ ಬಂಕುಗಳ ನಡುವೆ ಹೀಗೆಯೇ ಬನಗಳು ಕಾಣುತ್ತವೆ. ಕಾಣುತ್ತಿದ್ದವು ಎನ್ನಬೇಕೇನೋ.

ಸಸಿಮನೆ

ಗಿಡ ನೆಡಿಸುವ ಕೆಲಸದ ಮೇಲ್ವಿಚಾರಣೆ ದಿಲ್ಹಾನಿ ಎಂಬವಳದ್ದು. ಮೊಣಕಾಲಿನವರೆಗೆ ರಬ್ಬರ್ ಬೂಟು, ತುರುಬಿಗೆ ಪೆನ್ಸಿಲ್. ನಮಗೆಲ್ಲ ಇಂಬಳ ಹತ್ತದಂತೆ ಉದ್ದದ ಬಿಳಿ ಚೀಲಗಳನ್ನು ಕಾಲಿಗೆ ಕೊಟ್ಟಳು. ಸೀರೆಯ ಮೇಲೆ ಅವನ್ನು ಎಳೆದು ಕಟ್ಟಿಕೊಂಡ ವಸಂತಿ ಅಕ್ಕ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಿಡುಗಡೆ ಆದವರಂತೆ ಕಂಡರು.

ದಿಲ್ಹಾನಿ ಹೇಳಿದ್ದು ಇಷ್ಟು. ಈ ಕಾಡಿನ ತುಂಡುಗಳ ನಡುವೆ ಚಹಾ ಬಂದ ಮೇಲೆ ಹಣ್ಣು ತಿನ್ನುವ ಹಕ್ಕಿಗಳಾಗಲಿ ಬೀಜ ಕದಿಯುವ ಇಲಿ, ಅಳಿಲುಗಳಾಗಲಿ ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಬೀಜವೆಲ್ಲ ತಾಯಿಮರದ ಬುಡದಲ್ಲೇ ಬಿದ್ದು, ಮರಿಗಳು ಒಂದನ್ನೊಂದು ತುಳಿದುಕೊಂಡು ಹುಟ್ಟಿ, ಬೆಳಕಿಲ್ಲದೆ ಸಾಯುತ್ತವೆ. ಅಲ್ಲಿಂದ ಕೆಲವನ್ನು ಬೇರುಸಹಿತ ಎತ್ತಿ, ಚೀಲದಲ್ಲಿ ಒಂದು ಮಳೆಗಾಲ ಸಾಕಿ, ಆ ಜಾತಿ ಇಲ್ಲದಾದ ತುಂಡಿಗೆ ಒಯ್ದು ನೆಡಬೇಕು.

"ಅಂದರೆ," ಎಂದಳು ಗ್ಲಾಡಿಸ್, "ಹಕ್ಕಿ ಮಾಡುವ ಕೆಲಸಕ್ಕೆ ನಾವು ವಿಮಾನ ಹತ್ತಿ ಬಂದದ್ದು."

"ಹಕ್ಕಿ ಫೋಟೊ ತೆಗೆಸಿಕೊಳ್ಳುವುದಿಲ್ಲ," ಎಂದೆ ನಾನು.

ಗಿಡ ಎತ್ತುವ ರೀತಿಯನ್ನು ದಿಲ್ಹಾನಿ ಮಾಡಿ ತೋರಿಸಿದಳು. ತಾಯಿಮರದ ಬುಡದ ಮಣ್ಣು ಒಂದು ಹಿಡಿ ಬೇರಿಗೆ ಅಂಟಿಕೊಂಡೇ ಇರಬೇಕು. ಆ ಮಣ್ಣಿಲ್ಲದೆ ಹೊಸ ಜಾಗದಲ್ಲಿ ಊಟ ಸೇರುವುದಿಲ್ಲ. ಮತ್ತೆ ಕತ್ತರಿ ತೆಗೆದು ಪ್ರತಿ ಎಲೆಯನ್ನೂ ಅರ್ಧಕ್ಕೆ ಕತ್ತರಿಸಿದಳು. ಬೇರು ಹಿಡಿಯುವವರೆಗೆ ಅದು ಹೆಚ್ಚು ನೀರು ಕೇಳಬಾರದು, ಅದಕ್ಕೆ, ಎಂದಳು.

ಗ್ಲಾಡಿಸ್ ತಲೆದೂಗಿದಳು. "ಗೊತ್ತಾಯ್ತು. ನಮ್ಮನ್ನು ಮದುವೆ ಮಾಡಿ ಕಳಿಸುವಾಗಲೂ ಹೀಗೆಯೇ ಅಲ್ವಾ? ಅರ್ಧ ಎಲೆ ಕತ್ತರಿಸಿ, ಒಂದು ಹಿಡಿ ತವರಿನ ಮಣ್ಣು ಕೊಟ್ಟು, ಹೋಗಿ ಚಿಗುರು ಅಂತ."

ನಾನು ಅದನ್ನು ಇಂಗ್ಲಿಷಿನಲ್ಲಿ ದಿಲ್ಹಾನಿಗೆ ಹೇಳಿದೆ. ಅವಳು ನಗುತ್ತ ಕೇಳಿದಳು, "ಚಿಗುರಿದಿರಾ?"

"ಇವಳು ಚಿಗುರಿದಳು," ಎಂದಳು ಗ್ಲಾಡಿಸ್ ನನ್ನನ್ನು ತೋರಿಸಿ. "ಬಾಲ್ಕನಿಯಲ್ಲಿ."

ತುಂಡು ಕಾಡು

ನೆಡುವ ಜಾಗ ಚಹಾ ತೋಟದ ಮೇಲಿನ ಒಂದು ಸಣ್ಣ ಕಾಡು. ಒಳಗೆ ಹೊಕ್ಕರೆ ಹೊರಗಿನ ಬಿಸಿಲು ಯಾರೋ ಸ್ವಿಚ್ ಒತ್ತಿದಂತೆ ಆರಿತು. ಕಾಲಡಿ ತರಗೆಲೆಯ ಹಾಸಿಗೆ. "ಸ್ವಲ್ಪ ಜಾಗ ನೋಡಿಕೊಂಡಿರಿ, ಸಸಿ ತರಿಸುತ್ತೇನೆ," ಎಂದು ದಿಲ್ಹಾನಿ ಕೆಳಗಿಳಿದು ಹೋದಳು.

ಜಾಗ ನೋಡಿಕೊಳ್ಳಿ ಎಂದು ಉಡುಪಿಯ ಹೆಂಗಸರಿಗೆ ಹೇಳಿ ಹೋಗುವುದು ಎಂದರೆ ಏನೆಂದು ಆ ಮಗುವಿಗೆ ಗೊತ್ತಿರಲಿಲ್ಲ.

"ಛೀ, ಎಂತ ಕಸ ಮಾರಾಯ್ತಿ!" ಎಂದರು ವಸಂತಿ ಅಕ್ಕ. "ಇದರಲ್ಲಿ ಗಿಡ ನೆಡುವುದಾ? ದೇವರ ಕೆಲಸ ಇದು. ಒಮ್ಮೆ ಗುಡಿಸುವ."

ಸೊಪ್ಪಿನ ಗೆಲ್ಲು ಮುರಿದು ಹಿಡಿಸೂಡಿ ತಯಾರಾಯಿತು. ಸೆರಗು ಸೊಂಟಕ್ಕೆ ಹೋಯಿತು. ಕೂಟದ ವಾರ್ಷಿಕೋತ್ಸವಕ್ಕೂ ಇಷ್ಟು ಒಗ್ಗಟ್ಟು ಬಂದದ್ದಿಲ್ಲ. ಒಬ್ಬರು ಗುಡಿಸಿದರು, ಒಬ್ಬರು ಹೊತ್ತು ಹಾಕಿದರು. ನಾನೂ ಗ್ಲಾಡಿಸಳೂ ಕಳೆ ಕೀಳಲು ಕೂತೆವು. ಅಲ್ಲಲ್ಲಿ ಮೊಣಕಾಲೆತ್ತರದ ಸಣಕಲು ಗಿಡಗಳಿದ್ದವು. ತುದಿಯ ಎಲೆಗಳು ಕೆಂಪಾಗಿ, ಬಾಡಿ, ನೇಣು ಹಾಕಿಕೊಂಡಂತೆ ಜೋತುಬಿದ್ದಿದ್ದವು. "ರೋಗ ಬಂದದ್ದು," ಎಂದಳು ಗ್ಲಾಡಿಸ್. ಹೌದೆನಿಸಿತು, ಕಿತ್ತೆವು. ಪ್ರತಿ ಗಿಡದ ಪಕ್ಕದಲ್ಲಿ ಒಂದೊಂದು ಬಿದಿರಿನ ಕಡ್ಡಿ ಊರಿತ್ತು. ಅವನ್ನು ವಸಂತಿ ಅಕ್ಕ ಕಟ್ಟು ಕಟ್ಟಿ ಬದಿಗಿಟ್ಟರು. "ನಾವು ಇಳಿದುಕೊಂಡ ಬಂಗಲೆಯ ಬಿಸಿನೀರಿನ ಒಲೆಗಾಯಿತು."

ದಿಲ್ಹಾನಿ ಸಸಿಗಳೊಂದಿಗೆ ಮೇಲೆ ಬರುವಾಗ ಕಾಡಿನ ನಡುವೆ ಒಂದು ಅಂಗಳ ತಯಾರಾಗಿತ್ತು. ಮೆತ್ತಿ ಸಾರಿಸಿ ರಂಗೋಲಿ ಹಾಕುವುದೊಂದು ಬಾಕಿ. ನಾವು ಸಾಲಾಗಿ ನಿಂತೆವು, ಸಿಸ್ಟರು ಇನ್ಸ್‌ಪೆಕ್ಷನಿಗೆ ಬಂದಾಗ ನಿಲ್ಲುತ್ತಿದ್ದ ಹಾಗೆ, ಮೆಚ್ಚುಗೆಗೆ ಕಾಯುತ್ತ.

ಅವಳು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ನಾವು ಕಿತ್ತ ಗಿಡಗಳ ರಾಶಿಯ ಬಳಿ ಮೊಣಕಾಲೂರಿ ಕೂತು ಒಂದನ್ನು ಎತ್ತಿದಳು.

"ಇವು ಹೋದ ವರ್ಷ ನೆಟ್ಟದ್ದು," ಎಂದಳು. "ಬದುಕಿ ಉಳಿದವು."

"ಆದರೆ ರೋಗ... ಕೆಂಪು..." ಎಂದೆ ನಾನು.

"ಈ ಮರದ ಚಿಗುರು ಹಾಗೆಯೇ. ಕೆಂಪಾಗಿ ಹುಟ್ಟುತ್ತದೆ, ಜೋತುಬೀಳುತ್ತದೆ, ಮತ್ತೆ ಹಸಿರಾಗಿ ನಿಲ್ಲುತ್ತದೆ. ಸಿಂಹಳದಲ್ಲಿ 'ನಾ' ಎಂದು ಹೆಸರು. ನಮ್ಮ ದೇಶದ ಮರ ಇದು." ಅವಳು ಸೆಲ್‌ಫೋನಿನಲ್ಲಿ ಹೂವಿನ ಚಿತ್ರ ತೋರಿಸಿದಳು. ಬಿಳಿ ಎಸಳು, ನಡುವೆ ಹಳದಿ ಕೇಸರದ ಗೊಂಡೆ.

ನಾಗಸಂಪಿಗೆ. ಇನ್ನಂಜೆಯ ನಮ್ಮ ಬನದ ನಡುವಿನ ಮರ. ನಾಗನ ಪ್ರಸಾದವಾಗಿ ಆ ಹೂವು ಮುಡಿದು ದೊಡ್ಡವಳಾದ ನನಗೆ ಅದರ ಮಗುವಿನ ಗುರುತು ಸಿಕ್ಕಿರಲಿಲ್ಲ. ಬನದ ಒಳಗೆ ಬಗ್ಗಿ ನೋಡಿದ್ದರಲ್ಲವೇ?

"ನಿಮ್ಮ ಊರಿನಲ್ಲಿ ಕಾಡು ಗುಡಿಸುತ್ತಾರಾ?" ದಿಲ್ಹಾನಿ ನಿಜವಾಗಿಯೂ ತಿಳಿದುಕೊಳ್ಳುವುದಕ್ಕೇ ಕೇಳಿದಳು.

ವಸಂತಿ ಅಕ್ಕ ಅಧ್ಯಕ್ಷೆಯ ಗಾಂಭೀರ್ಯ ಬಿಡಲಿಲ್ಲ. "ಇಲ್ಲಪ್ಪ. ನಮ್ಮಲ್ಲಿ ಗುಡಿಸುವಷ್ಟು ಕಾಡು ಎಲ್ಲುಂಟು?"

ಕಿತ್ತ ಗಿಡಗಳ ಬೇರಿಗೆ ಒದ್ದೆ ಮಣ್ಣು ಮೆತ್ತಿ, ಎಲೆ ಅರ್ಧ ಕತ್ತರಿಸಿ ಮತ್ತೆ ನೆಟ್ಟೆವು. ಬಿಸಿನೀರಿನ ಒಲೆಗೆಂದು ಕಟ್ಟಿದ ಕಡ್ಡಿಗಳು ಮತ್ತೆ ಕಾಡಿಗೆ ಬಂದವು. ಆಮೇಲೆ ಹೊತ್ತು ಹಾಕಿದ ತರಗೆಲೆಯನ್ನೆಲ್ಲ ಮಡಿಲಲ್ಲಿ ತಂದು ಹರಡುವ ಕೆಲಸ. ಹುಟ್ಟಿದಂದಿನಿಂದ ಕಸ ಹೆಕ್ಕಿದ ಕೈ, ಹರಡುವುದಕ್ಕೆ ಒಪ್ಪುವುದಿಲ್ಲ. ನಮಗೆ ತಿಳಿಯದೆಯೇ ಅದನ್ನು ಸಮವಾಗಿ, ಅಂಚು ನೇರ ಮಾಡಿ ಹರಡುತ್ತಿದ್ದೆವು. ದಿಲ್ಹಾನಿಗೆ ಆಗ ನಗು ತಡೆಯಲಿಲ್ಲ. "ಬೀಳಲಿ ಬಿಡಿ," ಎಂದಳು. "ಮರ ಹೇಗೆ ಹಾಕುತ್ತದೋ ಹಾಗೆ."

"ಇದನ್ನು ನಮ್ಮ ಸಿಸ್ಟರ್ ನೋಡಿದ್ದರೆ ಸ್ವರ್ಗದಿಂದ ಇಳಿದು ಬಂದು ಕಿವಿ ಹಿಂಡುತ್ತಿದ್ದರು," ಎಂದಳು ಗ್ಲಾಡಿಸ್, ಎರಡು ಕೈಯಲ್ಲೂ ಎಲೆ ತೂರುತ್ತ. ಅವಳಿಗೆ ಅದು ಬಹಳ ಖುಷಿ ಕೊಟ್ಟಂತೆ ಕಂಡಿತು.

ಬಂಗಲೆಯ ಜಗಲಿ

ಸಂಜೆ ಚಹಾಕ್ಕೆ ಸಕ್ಕರೆ ಬೆರೆಸುವುದಿಲ್ಲ ಅಲ್ಲಿ. ಅಂಗೈಯಲ್ಲಿ ಒಂದು ತುಂಡು ಬೈನೆ ಮರದ ಬೆಲ್ಲ ಇಟ್ಟುಕೊಂಡು, ಒಮ್ಮೆ ಬೆಲ್ಲ ಕಚ್ಚಿ, ಒಮ್ಮೆ ಚಹಾ ಹೀರುತ್ತಾರೆ. ವಸಂತಿ ಅಕ್ಕ ಬೆಲ್ಲವನ್ನು ಕಪ್ಪಿಗೆ ಹಾಕಿ ಕಲಸಿ, ಇವರಿಗೆ ಚಮಚದ ಉಪಯೋಗ ಗೊತ್ತಿಲ್ಲ ಎಂದು ತೀರ್ಮಾನ ಕೊಟ್ಟರು.

ದಿಲ್ಹಾನಿ ಕೇಳಿದಳು, ನಿಮ್ಮ ಕಡೆಗೆ ನಾ ಮರ ಉಂಟಾ ಎಂದು. ಉಂಟು ಎಂದೆ. ನಮ್ಮ ಕುಟುಂಬದ್ದೇ ಒಂದು ತುಂಡು ಕಾಡು ಉಂಟು, ಅದರ ಧಣಿ ಒಂದು ಹಾವು, ಅಲ್ಲಿಂದ ಒಂದು ಕಡ್ಡಿಯನ್ನೂ ಯಾರೂ ತೆಗೆಯುವುದಿಲ್ಲ ಎಂದೆಲ್ಲ ಹೇಳಿದೆ. ಅವಳ ಕಣ್ಣು ಅರಳಿತು. ಇಲ್ಲಿ ಕಾವಲುಗಾರರಿಗೆ ಸಂಬಳ ಕೊಟ್ಟು ಕಾಯಿಸುತ್ತೇವೆ, ನಿಮ್ಮಲ್ಲಿ ಹಾವೇ ಕಾಯುತ್ತದೆ, ಎಂಥ ಜನ ನೀವು, ಫೋಟೊ ತೋರಿಸಿ, ಎಂದಳು.

ನನ್ನಲ್ಲಿ ಫೋಟೊ ಇರಲಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ: ಬನದ ಒಂದು ಒಳ್ಳೆಯ ಫೋಟೊ ಬೇಕು, ಇಲ್ಲಿಯವರಿಗೆ ತೋರಿಸಲಿಕ್ಕೆ. ಸದಾನಂದಣ್ಣ ಕೂಡಲೇ ಕಳಿಸಿದ. ದಿಲ್ಹಾನಿ ಬಹಳ ಹೊತ್ತು ನೋಡಿದಳು.

"ಇದು ಈಜುಕೊಳವಾ?"

ಬಗ್ಗಿ ನೋಡಿದೆ. ಅಣ್ಣ ಕಂಪ್ಯೂಟರಿನಲ್ಲಿ ಮಾಡಿಸಿದ ಹೊಸ ಬನದ ಚಿತ್ರ ಅದು. ಕೆಂಪು ಹಳದಿ ಇಂಟರ್‌ಲಾಕ್, ಹೊಳೆಯುವ ಕರಿಕಲ್ಲು, ಸ್ಟೀಲಿನ ಕಟಾಂಜನ, ನಾಲ್ಕು ಮೂಲೆಗೆ ನಾಲ್ಕು ದೀಪದ ಕಂಬ. ಒಂದು ಬದಿಯಲ್ಲಿ ಚಟ್ಟಿಯಲ್ಲಿಟ್ಟ ಪುಟ್ಟ ತಾಳೆ. ಅಂಗಳದಲ್ಲಿ ಕೋಟು ಹಾಕಿದ ಒಬ್ಬ ಬಿಳಿಯ ಬ್ಯಾಗು ಹಿಡಿದು ನಡೆದು ಹೋಗುತ್ತಿದ್ದ. ಆ ಕಂಪ್ಯೂಟರಿನವನ ಬಳಿ ಇದ್ದ ಮನುಷ್ಯರ ಚಿತ್ರ ಅದೊಂದೇ ಇರಬೇಕು. ಕೆಳಗೆ ನಮ್ಮ ನೆಂಟರ ಸಾಲು ಸಾಲು ಮುಗಿದ ಕೈಗಳು.

ವಸಂತಿ ಅಕ್ಕ ಫೋನು ಕಸಿದು ನೋಡಿ ಮೆಚ್ಚಿದರು. "ನಮ್ಮ ಕಾರ್ಕಳದ ಬನವೂ ಹೀಗೇ ಮಾಡಿಸಿದ್ದು. ಲಾಯಕ್ ಆಗಿದೆ. ಈಗ ಮೇಲಿನಿಂದ ತಗಡಿನ ಮಾಡು ಹಾಕಿದ್ದೇವೆ. ಕಲ್ಲು ಕಾದು ಭಟ್ಟರಿಗೆ ಕಾಲು ಇಡಲಿಕ್ಕೆ ಆಗುವುದಿಲ್ಲ. ಆರತಿಯನ್ನು ಕುಣಿದುಕೊಂಡೇ ಎತ್ತಬೇಕು."

ದಿಲ್ಹಾನಿ ಕೇಳಿದಳು, "ಮೊದಲು ನೆರಳು ಇರಲಿಲ್ಲವಾ?"

"ಇತ್ತಲ್ಲ. ಮರ ಇತ್ತು."

ಹೇಳಿ ಮುಗಿಸಿದ ಮೇಲೆ ವಸಂತಿ ಅಕ್ಕನಿಗೇ ತನ್ನ ಮಾತು ಕೇಳಿಸಿತು. ಕಪ್ಪಿನ ತಳದ ಬೆಲ್ಲವನ್ನು ಚಮಚದಲ್ಲಿ ಕೆರೆಯತೊಡಗಿದರು.

ನಾನು ಜಗಲಿಯ ತುದಿಗೆ ಹೋಗಿ ಅಣ್ಣನಿಗೆ ಫೋನು ಹಚ್ಚಿದೆ.

"ಅಣ್ಣಾ, ಮರ ಕಡಿಯುವುದು ಬೇಡ."

"ಅಲ್ಲಿ ಹೋಗಿ ಯಾರು ನಿನ್ನ ತಲೆ ಕೆಡಿಸಿದ್ದು? ಮರ ಕಡಿಯುವ ಮಿಷನಿನವರಿಗೆ ಹೇಳಿ ಆಗಿದೆ. ಕುಟುಂಬದವರೆಲ್ಲ ಒಪ್ಪಿದ್ದಾರೆ."

"ನನ್ನನ್ನು ಯಾರು ಕೇಳಿದ್ದು?"

"ನೀನು ಮದುವೆಯಾಗಿ ಹೋದವಳಲ್ಲವಾ ಮಗಾ? ಬನದ ವಿಷಯ ಗಂಡಸರು ನೋಡಿಕೊಳ್ತೇವೆ," ಎಂದು ಅಣ್ಣ ಪ್ರೀತಿಯಿಂದಲೇ ಹೇಳಿದ.

ನಮ್ಮ ಕಡೆಯ ವ್ಯವಸ್ಥೆ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮದು ಅಳಿಯಸಂತಾನ. ಕುಟುಂಬ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಆ ಬನಕ್ಕೆ ನಾಳೆ ಹಾಲು ಎರೆಯಬೇಕಾದವರು ನನ್ನ ಮಕ್ಕಳು. ಅಣ್ಣನ ಮಕ್ಕಳು ಅವರ ತಾಯಿಯ ಕಡೆಯ ಬನಕ್ಕೆ ಸೇರಿದವರು. ಮದುವೆಯಾಗಿ ಹೊರಗೆ ಹೋದದ್ದು ನಾನೋ ಅವನೋ ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಅವನು ಫೋನು ಇಟ್ಟಿದ್ದ.

ಹೊರಡುವ ಬೆಳಿಗ್ಗೆ ದಿಲ್ಹಾನಿ ನಮ್ಮನ್ನು ಮತ್ತೆ ಕಾಡಿಗೆ ಕರೆದೊಯ್ದಳು. ಮತ್ತೆ ನೆಟ್ಟ ಗಿಡಗಳು ಸೋತು ಬಗ್ಗಿದ್ದವು. ಉಳಿಯುತ್ತವೆಯೇ ಎಂದರೆ ಅವಳು ಭುಜ ಹಾರಿಸಿದಳು. "ಕೆಲವು ಉಳಿಯಬಹುದು. ನಿಮ್ಮಲ್ಲಿರುವುದು ಎಷ್ಟೋ ಕಾಲದಿಂದ ಬೇರು ಹಿಡಿದ ಮರ. ನಾವು ಇಲ್ಲಿ ಒಂದೊಂದು ಮೊಳ ಎತ್ತರಕ್ಕೆ ಇಷ್ಟು ಪಾಡು ಪಡುತ್ತೇವೆ." ಬೈಯದೆ ಚುಚ್ಚುವುದರಲ್ಲಿ ಅವಳಿಗೆ ನಮ್ಮ ಸಿಸ್ಟರುಗಳೂ ಸಮನಲ್ಲ.

ಇನ್ನಂಜೆ

ಭಾನುವಾರ ಗ್ಲಾಡಿಸಳನ್ನೂ ಕರೆದುಕೊಂಡು ಇನ್ನಂಜೆಗೆ ಹೋದೆ. "ನನಗೆ ನಿಮ್ಮ ನಾಗನ ಭಯ ಇಲ್ಲ, ನಿನ್ನ ಅಣ್ಣನ ಭಯ ಉಂಟು," ಎಂದುಕೊಂಡೇ ಬಂದಳು. ಮನೆಯ ಮುಂದೆ ಇಂಟರ್‌ಲಾಕಿನ ಅಟ್ಟಿ. ಹಿಂದೆ ಪಾಯಸದ ಹಂಡೆ. ಬನದ ಬದಿಯಲ್ಲಿ ಗಂಡಸರು ಬಿಳಿ ಮುಂಡು ಉಟ್ಟು ಮೊಬೈಲು ನೋಡುತ್ತ ನಿಂತಿದ್ದರು. ಸದಾನಂದಣ್ಣ, ನಮ್ಮ ತಾಯಿಯ ತಮ್ಮ ಸಂಜೀವ ಮಾವ, ಚಿಕ್ಕಮ್ಮನ ಮಗ ರಮೇಶ. ಮರ ಕಡಿಯಲು ಬಂದ ಬಾಬು ಮಿಷನ್ ಗರಗಸವನ್ನು ಪಕ್ಕದಲ್ಲಿಟ್ಟು, ಎಲೆಯಡಿಕೆ ಜಗಿಯುತ್ತ, ತನ್ನದೊಂದು ಷರತ್ತು ಮುಂದಿಟ್ಟ.

"ಧಣಿ, ನಾಗನ ಮರ. ಮೊದಲ ಕತ್ತಿ ಮನೆಯವರೇ ತಾಗಿಸಬೇಕು. ಆಮೇಲಿನದ್ದು ನನಗಿರಲಿ."

ಕತ್ತಿ ನಡುವೆ ನೆಲದಲ್ಲಿತ್ತು. ಇಷ್ಟು ಹೊತ್ತು ಬನಕ್ಕೆ ಹತ್ತಿರ ನಿಂತಿದ್ದವರೆಲ್ಲ ಮೆಲ್ಲನೆ ಗದ್ದೆಯ ಅಂಚಿಗೆ ಸರಿದರು.

"ಮಾವ, ನೀವು ಹಿರಿಯರು," ಎಂದ ಅಣ್ಣ.

"ನನಗೆ ಶುಗರ್ ಉಂಟು ಮಾರಾಯ. ಗಾಯ ಆದರೆ ಗುಣ ಆಗುವುದಿಲ್ಲ. ನೀನೇ ಅಧ್ಯಕ್ಷ ಅಲ್ವಾ?"

"ಅಧ್ಯಕ್ಷ ಕೆಲಸ ಮಾಡಿಸುವವ, ಮಾಡುವವ ಅಲ್ಲ. ರಮೇಶ ಮಾಡಲಿ, ಪ್ರಾಯದವ."

"ನನ್ನ ಹೆಂಡತಿ ಬಸುರಿ ಅಣ್ಣಾ!" ರಮೇಶನ ಮುಖ ಬಿಳಿಚಿತು. ಆಮೇಲೆ ಅವನಿಗೊಂದು ಬೆಳಕು ಹೊಳೆಯಿತು. "ಅಳಿಯಸಂತಾನದಲ್ಲಿ ಕುಟುಂಬ ಹೆಣ್ಣಿನದ್ದಲ್ಲವಾ? ಶ್ಯಾಮಲಕ್ಕ ಇದ್ದಾರಲ್ಲ!"

"ಹೌದು ಹೌದು, ಸಂತಾನ ಅವಳದ್ದು," ಎಂದು ಮಾವ ಕೂಡಲೇ ಒಪ್ಪಿದರು. ಸಮಿತಿಗೆ ಹೆಸರು ಸೇರಿಸುವಾಗ ಮರೆತ ಸಂತಾನ, ನಾಗನ ಶಾಪಕ್ಕೆ ಪಾಲುದಾರರು ಬೇಕಾದಾಗ ಎಲ್ಲರಿಗೂ ನೆನಪಾಯಿತು. ಅಣ್ಣ ಕತ್ತಿಯನ್ನು ಎತ್ತಿ ನನ್ನ ಕೈಗೆ ಕೊಟ್ಟೇ ಬಿಟ್ಟ.

"ಬರೇ ಒಮ್ಮೆ ತಾಗಿಸು ಮಗಾ. ಪೆಟ್ಟು ಬೇಡ."

ಚಪ್ಪಲಿ ಕಳಚಿ ಒಳಗೆ ಹೋದೆ. ಪಾದ ತರಗೆಲೆಯಲ್ಲಿ ಹುಗಿಯಿತು. ನಾಗನ ಕಲ್ಲಿನ ಸುತ್ತ, ಈ ಸಲ ಬಗ್ಗಿ ನೋಡಿದೆ. ಮೊಣಕಾಲೆತ್ತರದ ಸಣಕಲು ಗಿಡಗಳು, ಕೆಂಪು ಎಲೆ ಜೋತುಬಿಟ್ಟು, ಒತ್ತೊತ್ತಾಗಿ ನಿಂತಿದ್ದವು. ತಾಯಿಯ ಬುಡದಲ್ಲಿ ಮಕ್ಕಳು.

ಕತ್ತಿಯನ್ನು ಮರದ ಬುಡದಲ್ಲಿ ಇಟ್ಟು ಕೈಮುಗಿದೆ. ನಮ್ಮಲ್ಲಿ ಏನು ಮಾಡುವುದಿದ್ದರೂ ಮೊದಲು ಕುಟುಂಬದ ಪರವಾಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡುವ ಕ್ರಮ ಉಂಟು, ಹೆಸರು ನಕ್ಷತ್ರ ಸಹಿತ. ನಾನು ಕ್ರಮ ತಪ್ಪಲಿಲ್ಲ. ಕಾನ್ವೆಂಟಿನಲ್ಲಿ ಅಸೆಂಬ್ಲಿಗೆ ಕೊನೆಯ ಸಾಲಿಗೂ ಕೇಳುವಂತೆ ಓದಿಸುತ್ತಿದ್ದ ಸ್ವರ ತಾನಾಗಿ ಬಂತು.

"ನಾಗಾ, ನಿನ್ನ ಸಂತಾನದ ಶ್ಯಾಮಲಾ ಬಂದಿದ್ದೇನೆ. ಈ ಮರ ಕಡಿಯಬೇಕೆಂದು ನಿಶ್ಚಯಿಸಿದವರನ್ನು ಒಬ್ಬೊಬ್ಬರಾಗಿ ನಿನಗೆ ತಿಳಿಸುತ್ತೇನೆ. ಮರೆಯದೆ ನೆನಪಿಟ್ಟುಕೋ. ಮೊದಲನೆಯವರು ಸದಾನಂದ, ವಿಶಾಖ ನಕ್ಷತ್ರ, ಕಾಪುವಿನಲ್ಲಿ ಅಂಗಡಿ..."

"ಏಯ್ ಶ್ಯಾಮಲಾ! ಎಂತ ಹೇಳ್ತಿ ಅಲ್ಲಿ?"

"ಎರಡನೆಯವರು ಸಂಜೀವ ಮಾವ. ಮಾವ, ನಿಮ್ಮದು ಮಖೆಯಾ, ಹುಬ್ಬೆಯಾ? ತಪ್ಪು ಹೇಳಿದರೆ ಬೇರೆಯವರಿಗೆ ತಾಗುತ್ತದೆ."

"ನನ್ನ ಹೆಸರು ಬೇಡ! ನಾನು ವಾಟ್ಸಾಪಿನಲ್ಲಿ ಬರೇ ಕೈಮುಗಿದ ಚಿತ್ರ ಒತ್ತಿದ್ದು. ಓದಿಯೂ ಇಲ್ಲ!"

"ಮೂರನೆಯವರು ರಮೇಶ. ಹೆಂಡತಿ ಬಸುರಿ..."

"ಅಕ್ಕಾ ನಿಲ್ಲಿಸಿ! ನಾನು ಈಗಲೇ ಗುಂಪಿನಿಂದ ಹೊರಗೆ ಬಂದೆ. ನೋಡಿ, ಬಂದೆ!" ಅವನು ಮೊಬೈಲನ್ನು ಬನದ ಕಡೆಗೆ ಎತ್ತಿ ತೋರಿಸಿದ. ನನಗೋ ನಾಗನಿಗೋ ತಿಳಿಯಲಿಲ್ಲ.

ಬಾಬು ಎಲೆಯಡಿಕೆ ಉಗಿದು ಗರಗಸವನ್ನು ಹೆಗಲಿಗೇರಿಸಿದ. "ಇನ್ನು ನನ್ನ ನಕ್ಷತ್ರ ಕೇಳುವ ಮೊದಲು ಹೋಗ್ತೇನೆ," ಎಂದು ಗದ್ದೆಯ ಅಂಚು ಹಿಡಿದ. ಗ್ಲಾಡಿಸ್ ಕರ್ಚೀಫು ಬಾಯಿಗಿಟ್ಟು ಬೇರೆ ಕಡೆ ತಿರುಗಿ ನಿಂತಿದ್ದಳು. ಅವಳ ಭುಜ ಕುಣಿಯುತ್ತಿತ್ತು.

ಮರ ನಿಂತಿತು. ಕಾಡಿನ ಮೇಲಿನ ಪ್ರೀತಿಯಿಂದ ಎಂದು ದಿಲ್ಹಾನಿಗೆ ಸುಳ್ಳು ಬರೆಯಲಾರೆ. ನಮ್ಮ ಗಂಡಸರ ಪುಕ್ಕಲುತನ ಒಂದು ಬನವನ್ನು ಇಷ್ಟು ಕಾಲ ಸಾಕಿತ್ತು, ಇನ್ನೂ ಸ್ವಲ್ಪ ಕಾಲ ಸಾಕುತ್ತದೆ. ಇಂಟರ್‌ಲಾಕನ್ನು ಅಣ್ಣ ಕಾಪುವಿನ ಅಂಗಡಿಯ ಮುಂದೆ ಹಾಸಿಕೊಂಡ. ಚೆನ್ನಾಗಿಯೇ ಕಾಣುತ್ತದೆ, ಅಲ್ಲಿ ಕಾಣಬೇಕಾದದ್ದೇ ಅದು.

ಅಂದು ಪಾಯಸ ಮಾತ್ರ ಎಲ್ಲರೂ ಉಂಡೆವು, ಮಾಡಿ ಆಗಿತ್ತಲ್ಲ. ಊಟದ ಎಲೆ ಎತ್ತಿದ ಮೇಲೆ ಸದಾನಂದಣ್ಣನ ಹೆಂಡತಿ, ನನ್ನ ಅತ್ತಿಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತೆಂಗಿನ ಕಡ್ಡಿಯ ಹೊಸ ಹಿಡಿಸೂಡಿ ಹಿಡಿದು ಬನದ ಕಡೆಗೆ ಹೊರಟರು.

"ಎಲ್ಲಿಗೆ ಅತ್ತಿಗೆ?"

"ಕಡಿಯುವುದು ಬೇಡ, ಆಯ್ತು. ಒಮ್ಮೆ ಗುಡಿಸಿಯಾದರೂ ಬರ್ತೇನೆ ಶ್ಯಾಮಲಾ. ನಾಗನ ಜಾಗದಲ್ಲಿ ಎಂತ ಕಸ ಅದು! ಕೆಂಪು ಬಣ್ಣದ ರೋಗದ ಗಿಡ ಎಲ್ಲ ಎದ್ದಿದೆ, ಅದನ್ನೂ ಕಿತ್ತು ಬಿಡ್ತೇನೆ."

ನಾನು ಕೈ ತೊಳೆದು ಸೆರಗಿಗೆ ಒರೆಸಿಕೊಂಡೆ.

"ಅತ್ತಿಗೆ," ಎಂದೆ ಮೆಲ್ಲಗೆ, "ನಿಮ್ಮ ನಕ್ಷತ್ರ ಯಾವುದು?"